ಮನಸ್ಸಿನ ಏರಿಳಿತ

ಮಳೆಗಾಲದಲ್ಲಿ ಕೆರೆ ತುಂಬುತ್ತದೆ, ಬೇಸಗೆಯಲ್ಲಿ ಇಳಿಯುತ್ತದೆ. ಇದನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಮನುಷ್ಯನ ಮನಸ್ಸಿಗೂ ಇಂಥ ಏರಿಳಿತಗಳು ಸಹಜವೇ. ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನ ನಾವು ಹಿಗ್ಗುತ್ತೇವೆ. ಆಪ್ತರು ಅಗಲಿದಾಗ ಕುಗ್ಗುತ್ತೇವೆ. ಕಾಲ ಕಳೆದಂತೆ ಮನಸ್ಸು ತನ್ನ ಮಟ್ಟಕ್ಕೆ ತಾನೇ ಬಂದು ನಿಲ್ಲುತ್ತದೆ. ಆದರೆ ಏರಿ ಒಡೆಯುವಷ್ಟು ನೀರು ನುಗ್ಗಿದಾಗ, ಇಲ್ಲವೆ ತಳ ಬಿರಿಯುವಂತೆ ಕೆರೆ ಬತ್ತಿದಾಗ ಊರವರು ಕೈಕಟ್ಟಿ ಕೂಡುವುದಿಲ್ಲ. ಮನಸ್ಸಿಗೆ ಅಂಥ ಸ್ಥಿತಿ ಒದಗಿದಾಗ ಮಾತ್ರ ನಾವು ಅದನ್ನು ರೋಗವೆಂದು ಗುರುತಿಸಲಾರದೆ ಹೋಗುತ್ತೇವೆ. ಒಮ್ಮೆ ಅದನ್ನು ಚುರುಕುತನವೆಂದು ಹೊಗಳುತ್ತೇವೆ. ಇನ್ನೊಮ್ಮೆ ಸೋಮಾರಿತನವೆಂದು ತೆಗಳುತ್ತೇವೆ.

ಬೆಂಗಳೂರಿನ ಪೂರ್ವಕ್ಕೆ, ಹಳೆಯ ಮದರಾಸು ರಸ್ತೆಯ ಮೇಲೆ ಕೃಷ್ಣರಾಜಪುರವಿದೆ. ಸಮೀಪದ ದೂರವಾಣಿನಗರದಲ್ಲಿ 1948ರಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ ಆರಂಭವಾದಂದಿನಿಂದ ಈ ಭಾಗದ ಜನರಿಗೆ ಪಾಳಿಯ ದುಡಿಮೆ ಹೊಸದಲ್ಲ. ಇಂದು ವೈಟ್‌ಫೀಲ್ಡ್ ಕಡೆಯ ಕಚೇರಿಗಳಿಗೆ ರಾತ್ರಿಯ ವೇಳೆ ಹೋಗಿಬರುವ ಯುವಕರೂ ಇಲ್ಲಿ ಅನೇಕರಿದ್ದಾರೆ. ಅಂಥ ಒಬ್ಬ ತರುಣನ ಮನೆಯನ್ನು ನಾವು ಕಲ್ಪಿಸಿಕೊಳ್ಳೋಣ. ಅವನ ವಯಸ್ಸು 21. ಮನೆಯಲ್ಲಿ ತಂದೆ, ತಾಯಿ ಮತ್ತು ಹತ್ತನೆಯ ತರಗತಿಯಲ್ಲಿ ಓದುವ ತಂಗಿ. ಅವನು ಮಿತಭಾಷಿ, ಲೆಕ್ಕಾಚಾರದ ಹುಡುಗ. ಸಂಬಳವನ್ನು ತಾಯಿಯ ಕೈಗಿತ್ತು ಬಸ್ಸಿನ ಖರ್ಚಿಗಷ್ಟೇ ಕೇಳಿ ಪಡೆಯುವವನು.

ಶಿವರಾತ್ರಿಯಂದು ಮನೆಯವರೆಲ್ಲ ಜಾಗರಣೆ ಮಾಡಿದರು. ಮರುದಿನ ಎಲ್ಲರೂ ಮಲಗಿದರು, ಅವನು ಮಲಗಲಿಲ್ಲ. ಮುಂದಿನ ರಾತ್ರಿಗಳಲ್ಲಿ ಎರಡು ಗಂಟೆ ಮಲಗಿದರೆ ಹೆಚ್ಚು, ಆದರೂ ಆಯಾಸವೆಂಬುದಿಲ್ಲ. ಮಾತು ಹೊಳೆಯಂತೆ ಹರಿಯತೊಡಗಿತು. ಒಂದು ವಿಷಯ ಮುಗಿಯುವ ಮೊದಲೇ ಮತ್ತೊಂದಕ್ಕೆ ಹಾರುತ್ತಿತ್ತು. ಒಂದೇ ವರ್ಷದಲ್ಲಿ ಹತ್ತು ಅಂಗಡಿಗಳನ್ನು ತೆರೆಯುವುದಾಗಿ ಹೇಳಿದನು. ಕಂತಿನ ಮೇಲೆ ಮೂರು ಫೋನುಗಳನ್ನು ಕೊಂಡನು. ಗೆಳೆಯರಲ್ಲಿ ಸಾಲ ಮಾಡಿದನು. ತಂದೆ ಆಕ್ಷೇಪಿಸಿದಾಗ, ಎಂದೂ ಎದುರಾಡದ ಮಗ ತಟ್ಟೆಯನ್ನು ಎಸೆದು ಎದ್ದುಹೋದನು. ನೆರೆಯವರು ಮಾತ್ರ, “ಹುಡುಗ ಎಷ್ಟು ಚುರುಕಾಗಿದ್ದಾನೆ!” ಎಂದು ಮೆಚ್ಚಿದರು. ಯುಗಾದಿಯ ಹೊತ್ತಿಗೆ ಈ ಹುರುಪು ತಾನಾಗಿಯೇ ಇಳಿಯಿತು. ಮನೆಯವರು ನಿಟ್ಟುಸಿರು ಬಿಟ್ಟು ಅದನ್ನು ಮರೆತರು.

ಆಷಾಢ ಬರುವ ವೇಳೆಗೆ ಅದೇ ಹುಡುಗ ಹಾಸಿಗೆ ಹಿಡಿದಿದ್ದನು. ಸ್ನಾನ ಬೇಡ, ಊಟ ಬೇಡ, ಗೆಳೆಯರ ಮುಖ ನೋಡುವುದೂ ಬೇಡ. ಕೆಲಸವೂ ತಪ್ಪಿತು. ಒಬ್ಬ ಬಂಧು ಅವನನ್ನು ಸೋಮಾರಿ ಎಂದರು. ಇನ್ನೊಬ್ಬರು ದೃಷ್ಟಿ ತಗುಲಿದೆ ಎಂದರು. ಒಂದು ಸಂಜೆ ಅವನು ತಂಗಿಯೊಡನೆ ಮೆಲ್ಲನೆ, “ನಾನು ನಿಮಗೆಲ್ಲ ಭಾರ. ನಾನಿಲ್ಲದಿದ್ದರೆ ನೀವು ಸುಖವಾಗಿರುತ್ತೀರಿ. ಅಮ್ಮನಿಗೆ ಹೇಳಬೇಡ” ಎಂದನು. ಹುಡುಗಿ ಆ ಮಾತನ್ನು ಬಚ್ಚಿಡಲಿಲ್ಲ. ಅಣ್ಣನ ಬಳಿ ತಂದೆ ಇರುವಂತೆ ಮಾಡಿ, ಆಗಲೇ ತಾಯಿಗೆ ಹೇಳಿದಳು. ಅದೇ ದಿನ ಅವನನ್ನು ಆಸ್ಪತ್ರೆಗೆ ಕರೆದೊಯ್ದರು.

ಮನೋವೈದ್ಯೆ ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

“ತಿಂಗಳಿನಿಂದ ಹೀಗೆಯೇ ಮಲಗಿದ್ದಾನೆ, ಡಾಕ್ಟರಮ್ಮ. ಮಾತಿಲ್ಲ, ಕತೆಯಿಲ್ಲ” ಎಂದರು ತಾಯಿ.

“ಇದಕ್ಕೆ ಮೊದಲು ಹೇಗಿದ್ದನಮ್ಮ?”

“ಚೆನ್ನಾಗಿಯೇ ಇದ್ದ. ಅಂಥ ಹುರುಪನ್ನು ನಾನು ಅವನಲ್ಲಿ ಕಂಡೇ ಇರಲಿಲ್ಲ” ಎಂದು ತಂದೆ ಉತ್ತರಿಸಿದರು.

ಆಗ ತಂಗಿ, “ಡಾಕ್ಟರೇ, ಶಿವರಾತ್ರಿಯಿಂದ ಯುಗಾದಿಯ ವರೆಗೆ ಅಣ್ಣ ನಿದ್ದೆಯನ್ನೇ ಮಾಡಲಿಲ್ಲ. ಸಾಲ ಮಾಡಿ ಫೋನುಗಳನ್ನು ಕೊಂಡ. ಅಪ್ಪನ ಮೇಲೆ ಕೂಗಾಡಿದ. ಅವನು ಯಾವತ್ತೂ ಹಾಗಿರಲಿಲ್ಲ” ಎಂದಳು.

ವೈದ್ಯೆ ಬರೆಯತೊಡಗಿದ್ದ ಚೀಟಿಯನ್ನು ಬದಿಗಿಟ್ಟು, ಆ ತಿಂಗಳಿನ ಸಂಗತಿಗಳನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಚಿಕಿತ್ಸೆಯ ದಾರಿ ಅಲ್ಲಿಗೆ ಬದಲಾಯಿತು.

ಇದು ಕಲ್ಪಿತ ಪ್ರಸಂಗವಾದರೂ ಇದರಲ್ಲಿ ಬರುವ ರೋಗ ಕಲ್ಪಿತವಲ್ಲ. ಇದನ್ನು ಬೈಪೋಲಾರ್ ಕಾಯಿಲೆ ಅಥವಾ ದ್ವಿಧ್ರುವ ಮನೋರೋಗ ಎನ್ನುತ್ತಾರೆ. ಭೂಮಿಗೆ ಎರಡು ಧ್ರುವಗಳಿರುವಂತೆ ಇದಕ್ಕೂ ಎರಡು ತುದಿಗಳಿವೆ: ಒಂದು ಉನ್ಮಾದ, ಇನ್ನೊಂದು ಖಿನ್ನತೆ. ಇವೆರಡೂ ಒಂದೇ ರೋಗದ ಮುಖಗಳೆಂಬುದನ್ನು 1854ರಲ್ಲಿಯೇ ಫ್ರಾನ್ಸಿನ ವೈದ್ಯ ಫಾಲ್ರೆ ವಿವರಿಸಿದ್ದನು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆಯಿತ್ತು. ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಇದು ತಲೆದೋರುವುದು ಹೆಚ್ಚು. ಆದ್ದರಿಂದ ವಿದ್ಯಾರ್ಥಿಗಳು ಇದನ್ನು ಅರಿತಿರಬೇಕಾದುದು ಅವಶ್ಯಕ.

ಉನ್ಮಾದದ ಲಕ್ಷಣಗಳಲ್ಲಿ ಮೊದಲು ಗಮನಿಸಬೇಕಾದುದು ನಿದ್ರೆ. ನಿದ್ರೆ ಬಾರದೆ ತೊಳಲುವುದು ಬೇರೆ, ನಿದ್ರೆಯೇ ಬೇಡವೆನಿಸುವುದು ಬೇರೆ. ಮಿತಿಮೀರಿದ ಉತ್ಸಾಹ ಅಥವಾ ಸಿಡುಕು, ತಡೆಯಿಲ್ಲದ ಮಾತು, ಓಡುವ ಆಲೋಚನೆಗಳು, ತಾನು ಅಸಾಮಾನ್ಯನೆಂಬ ಭಾವನೆ, ವಿವೇಚನೆಯಿಲ್ಲದ ಖರ್ಚು ಮತ್ತು ಸಾಹಸ ಇವು ಇತರ ಲಕ್ಷಣಗಳು. ಇವು ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ನಿಂತರೆ ಅದನ್ನು ಹುರುಪೆಂದು ಬಗೆಯಬಾರದು. ಖಿನ್ನತೆಯಲ್ಲಾದರೋ ಎರಡು ವಾರಗಳಿಗೆ ಕಡಿಮೆಯಿಲ್ಲದಂತೆ ದುಃಖ ಇಲ್ಲವೆ ನಿರಾಸಕ್ತಿ ಕವಿದಿರುತ್ತದೆ. ನಿದ್ರೆ, ಹಸಿವು, ಏಕಾಗ್ರತೆ ಕೆಡುತ್ತವೆ. ತಾನು ನಿಷ್ಪ್ರಯೋಜಕನೆಂಬ ಭಾವನೆ ಬೇರೂರುತ್ತದೆ. ಸಾವಿನ ಆಲೋಚನೆಯೂ ಸುಳಿಯಬಹುದು. ಈ ಎರಡು ತುದಿಗಳ ನಡುವೆ ರೋಗಿಯು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಎಲ್ಲರಂತೆ ಇರುವುದೂ ಉಂಟು.

ಹಾಗಾದರೆ ಹೆಚ್ಚು ಮಾತಾಡುವವರೆಲ್ಲ ರೋಗಿಗಳೇ? ಅಲ್ಲ. ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸಬಾರದು; ಅವನನ್ನು ಅವನದೇ ಸಹಜ ಸ್ವಭಾವದೊಡನೆ ಹೋಲಿಸಬೇಕು. ಮಿತವ್ಯಯಿಯು ದುಂದುಗಾರನಾದರೆ, ಸ್ನೇಹಶೀಲನು ಬಾಗಿಲು ಮುಚ್ಚಿಕೊಂಡರೆ, ಆ ಬದಲಾವಣೆಯೇ ಎಚ್ಚರಿಕೆಯ ಗಂಟೆ. “ಅವನು ಯಾವತ್ತೂ ಹಾಗಿರಲಿಲ್ಲ” ಎಂಬ ತಂಗಿಯ ಮಾತಿಗೆ ಅಷ್ಟು ಬೆಲೆ ಬಂದುದು ಇದರಿಂದಲೇ. ಆದರೂ ರೋಗವನ್ನು ನಿರ್ಧರಿಸುವುದು ವೈದ್ಯರ ಕೆಲಸ. ಥೈರಾಯಿಡ್ ಗ್ರಂಥಿಯ ದೋಷ, ಮಾದಕ ವಸ್ತುಗಳ ಸೇವನೆ ಮುಂತಾದವುಗಳಿಂದಲೂ ಇಂಥ ಲಕ್ಷಣಗಳು ತೋರಬಹುದು.

ಈ ರೋಗಕ್ಕೆ ಕಾರಣ ಒಂದೇ ಅಲ್ಲ. ಅನುವಂಶೀಯತೆಯ ಪಾತ್ರ ಇದರಲ್ಲಿ ದೊಡ್ಡದು. ತಂದೆಗಾಗಲಿ ತಾಯಿಗಾಗಲಿ ರೋಗವಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚುತ್ತದೆ, ಬಂದೇ ತೀರುತ್ತದೆಂದಲ್ಲ. ನಿದ್ದೆಗೇಡು ಮತ್ತು ತೀವ್ರ ಮನೋವ್ಯಥೆಗಳು ಅಡಗಿದ್ದ ರೋಗವನ್ನು ಕೆರಳಿಸಬಲ್ಲವು. ಇದು ಶಾಪವೂ ಅಲ್ಲ, ಬೆಳೆಸಿದವರ ತಪ್ಪೂ ಅಲ್ಲ.

ವೈದ್ಯೆ ಚೀಟಿಯನ್ನು ಬದಿಗಿಟ್ಟುದೇಕೆಂಬುದನ್ನು ಈಗ ನೋಡೋಣ. ಈ ರೋಗಿಗಳು ಸಾಮಾನ್ಯವಾಗಿ ವೈದ್ಯರಲ್ಲಿಗೆ ಬರುವುದು ಖಿನ್ನತೆಯಲ್ಲಿರುವಾಗ. ಉನ್ಮಾದದ ಕಾಲದಲ್ಲಿ ತಾನು ಅಸ್ವಸ್ಥನೆಂದು ರೋಗಿಗೆ ಅನಿಸುವುದೇ ಇಲ್ಲ. ವೈದ್ಯರಿಗೆ ಇಳಿತವನ್ನು ಮಾತ್ರ ಹೇಳಿ ಏರಿಕೆಯನ್ನು ಹೇಳದೆ ಹೋದರೆ, ಅವರು ಅದನ್ನು ಕೇವಲ ಖಿನ್ನತೆಯೆಂದು ತಿಳಿಯಬಹುದು. ಖಿನ್ನತೆಗೆ ಕೊಡುವ ಕೆಲವು ಔಷಧಗಳು ಒಂಟಿಯಾಗಿ ಪ್ರಯೋಗವಾದರೆ ಇಂಥ ರೋಗಿಯನ್ನು ಮತ್ತೆ ಉನ್ಮಾದದತ್ತ ತಳ್ಳುವ ಅಪಾಯವುಂಟು. ಆದಕಾರಣ ಏರು, ಇಳಿತ ಎರಡನ್ನೂ ಹೇಳಬೇಕು. ರೋಗಿ ಮರೆತಿರಬಹುದು, ನಾಚಿಕೆಯಿಂದ ಮುಚ್ಚಿಡಬಹುದು. ಜೊತೆಯಲ್ಲಿ ಇದ್ದವರು ನೆನಪಿಟ್ಟುಕೊಳ್ಳಬೇಕು.

ಈ ರೋಗಕ್ಕೆ ಒಳ್ಳೆಯ ಚಿಕಿತ್ಸೆಯಿದೆ. 1949ರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಎಂಬಾತನು ಉನ್ಮಾದಗ್ರಸ್ತರಾದ 10 ಮಂದಿಗೆ ಲಿಥಿಯಂ ಲವಣವನ್ನು ಕೊಟ್ಟು, ಅವರು ಶಾಂತರಾದುದನ್ನು ಪ್ರಕಟಿಸಿದನು. ಮೊಬೈಲ್ ಫೋನಿನ ಬ್ಯಾಟರಿಯಲ್ಲಿ ಬಳಕೆಯಾಗುವ ಲಿಥಿಯಂ ಧಾತುವೇ ಈ ಲವಣದಲ್ಲಿಯೂ ಇರುವುದು ಸೋಜಿಗದ ಸಂಗತಿ. ಏರಿಳಿತಗಳು ಮರುಕಳಿಸದಂತೆ ತಡೆಯುವಲ್ಲಿ ಇದು ಇಂದಿಗೂ ಪ್ರಮುಖ ಔಷಧ. ಆದರೆ ಅದರ ಪ್ರಮಾಣ ರಕ್ತದಲ್ಲಿ ಸ್ವಲ್ಪ ಮೀರಿದರೂ ಅಪಾಯ. ಆದ್ದರಿಂದ ಆಗಾಗ ರಕ್ತಪರೀಕ್ಷೆ ಆಗಬೇಕು. ಮೂತ್ರಪಿಂಡ ಮತ್ತು ಥೈರಾಯಿಡ್‌ಗಳ ಸ್ಥಿತಿಯನ್ನೂ ನೋಡುತ್ತಿರಬೇಕು. ಉಪ್ಪನ್ನು ಏಕಾಏಕಿ ಬಿಡಬಾರದು. ನೀರನ್ನು ಸಾಕಷ್ಟು ಕುಡಿಯಬೇಕು. ಇತರ ಔಷಧಗಳೂ ಇವೆ. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ವಾಸಿಯಾಯಿತೆಂದು ಔಷಧವನ್ನು ತಾನೇ ನಿಲ್ಲಿಸುವುದು ರೋಗವನ್ನು ಮರಳಿ ಕರೆದಂತೆ. ಔಷಧದೊಡನೆ ಆಪ್ತಸಲಹೆ, ನಿಯತವಾದ ನಿದ್ರೆ, ಮದ್ಯವರ್ಜನೆ ಇವೂ ಅಗತ್ಯ.

ಮನೋರೋಗದ ಚಿಕಿತ್ಸೆಯಲ್ಲಿ ನಮ್ಮ ನಾಡಿಗೆ ಹಿರಿಯ ಪರಂಪರೆಯಿದೆ. ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಇವೆರಡೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ಹೊಸೂರು ರಸ್ತೆಯ ಈ ಸಂಸ್ಥೆಯಲ್ಲಿ ಹಗಲಿರುಳೂ ತುರ್ತುಚಿಕಿತ್ಸೆ ದೊರೆಯುತ್ತದೆ. ರೋಗಿಗಳೆಲ್ಲ ನಗರಕ್ಕೆ ಬರಲಾರರೆಂಬುದನ್ನು ಮನಗಂಡ ಇಲ್ಲಿನ ವೈದ್ಯರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಮನೋರೋಗಗಳನ್ನು ಗುರುತಿಸಿ ಉಪಚರಿಸುವ ತರಬೇತಿ ಕೊಟ್ಟರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಆದರೂ ಆಗಬೇಕಾದುದು ಬಹಳವಿದೆ. 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ರೋಗವಿದ್ದವರಲ್ಲಿ ಶೇಕಡ 70ರಷ್ಟು ಮಂದಿ ಚಿಕಿತ್ಸೆಯಿಂದ ದೂರವಿದ್ದರು. ಅವರನ್ನು ತಡೆದ ಕಾರಣಗಳಲ್ಲಿ ‘ಜನರು ಏನೆನ್ನುವರೋ’ ಎಂಬ ಅಂಜಿಕೆಯೂ ಒಂದು.

ಈ ಅಂಜಿಕೆಗೆ ಈಗ ಆಸ್ಪದವಿಲ್ಲ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯು ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವ ಹಕ್ಕನ್ನು ಎಲ್ಲರಿಗೂ ನೀಡಿದೆ. ರೋಗಿಗಳನ್ನು ಸಂಕೋಲೆಯಿಂದ ಕಟ್ಟುವುದನ್ನು ನಿಷೇಧಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಗೆಳೆಯನಲ್ಲಾಗಲಿ, ಒಡಹುಟ್ಟಿದವರಲ್ಲಾಗಲಿ, ನಿಮ್ಮಲ್ಲಿಯೇ ಆಗಲಿ ಇಂಥ ಬದಲಾವಣೆ ಕಂಡರೆ ತಂದೆತಾಯಿಗಳಿಗೋ ಉಪಾಧ್ಯಾಯರಿಗೋ ತಿಳಿಸಿರಿ. ನಿದ್ದೆ, ಊಟ, ಮಾತು, ಖರ್ಚುಗಳಲ್ಲಿ ಕಂಡುದನ್ನು ದಿನಾಂಕದೊಡನೆ ಬರೆದಿಡಿರಿ. ಹಂಗಿಸಬೇಡಿರಿ, ವಾದಿಸಬೇಡಿರಿ. ಸಾಯುವ ಮಾತನ್ನು ಯಾರಾದರೂ ಆಡಿದರೆ ಅದನ್ನು ಹಗುರವಾಗಿ ಎಣಿಸದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಹಿರಿಯರಿಗೆ ಹೇಳಿರಿ. ಗುಟ್ಟು ಕಾಯುವೆನೆಂದು ಮಾತು ಕೊಟ್ಟಿದ್ದರೂ ಹೇಳಿರಿ. ಆ ಮಾತನ್ನು ಮುರಿಯುವುದು ದ್ರೋಹವಲ್ಲ, ರಕ್ಷಣೆ.

ಏರಿ ಸಣ್ಣಗೆ ಜಿನುಗುವುದನ್ನು ಮೊದಲು ಕಂಡವನು ಊರಿಗೆ ಕೂಗಿ ಹೇಳುತ್ತಾನೆ. ನಮ್ಮ ಕತೆಯ ಹುಡುಗಿ ಮಾಡಿದುದು ಅಷ್ಟೇ. ಅವಳು ವೈದ್ಯಳಲ್ಲ, ಕಂಡುದನ್ನು ಮರೆಯಲಿಲ್ಲ, ಕೇಳಿದುದನ್ನು ಮುಚ್ಚಿಡಲಿಲ್ಲ.

ಅಭ್ಯಾಸ

ಅ) ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ದ್ವಿಧ್ರುವ ಮನೋರೋಗದ ಎರಡು ತುದಿಗಳು ಯಾವುವು?
2. ತರುಣನ ಹುರುಪನ್ನು ನೆರೆಯವರು ಏನೆಂದು ತಿಳಿದರು?
3. ಲಿಥಿಯಂ ಸೇವಿಸುವವರಿಗೆ ರಕ್ತಪರೀಕ್ಷೆ ಏಕೆ ಅಗತ್ಯ?

ಆ) ವಿವರವಾಗಿ ಉತ್ತರಿಸಿರಿ.
1. ಏರು, ಇಳಿತ ಎರಡನ್ನೂ ವೈದ್ಯರಿಗೆ ಹೇಳಬೇಕಾದುದೇಕೆ?
2. ಮನೋರೋಗ ಚಿಕಿತ್ಸೆಯನ್ನು ಹಳ್ಳಿಗಳಿಗೆ ಒಯ್ಯುವಲ್ಲಿ ಬಳ್ಳಾರಿಯ ಪ್ರಯೋಗದ ಮಹತ್ವವೇನು?
3. ‘ಆ ಮಾತನ್ನು ಮುರಿಯುವುದು ದ್ರೋಹವಲ್ಲ, ರಕ್ಷಣೆ.’ ಈ ವಾಕ್ಯವನ್ನು ಸಂದರ್ಭದೊಡನೆ ವಿವರಿಸಿರಿ.

ಇ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಏರಿಳಿತ, ಹಗಲಿರುಳು.