ಮೊದಲು ಅವರಿಗಾಗಿ, ಆಮೇಲೆ ನನಗಾಗಿ

ಇಪ್ಪತ್ತು ದಾಟಿದ ಮಕ್ಕಳಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದಿದೆ: ‘ಸ್ವಲ್ಪ ಕಾನ್ಫಿಡೆನ್ಸ್ ಬೆಳೆಸ್ಕೊ.’ ನೆಂಟರು ಹೇಳುತ್ತಾರೆ, ಕಾಲೇಜಿನಲ್ಲಿ ಹೇಳುತ್ತಾರೆ, ಇಂಟರ್‌ವ್ಯೂ ತೆಗೆದುಕೊಂಡವರೂ ಹೇಳುತ್ತಾರೆ. ಬೆಳೆಸಿಕೊಳ್ಳುವುದು ಹೇಗೆ ಅನ್ನುವುದನ್ನು ಮಾತ್ರ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನನ್ನ ಮಟ್ಟಿಗೆ ಆ ಉತ್ತರ ಸಿಕ್ಕಿದ್ದು ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಲೋಕಲ್ ಗಾಡಿಯ ಬಾಗಿಲಲ್ಲಿ. ಈಗ ಆ ದಾರಿಯಲ್ಲಿ ನಿಂತಿರುವ ತಂಗಿ ತಮ್ಮಂದಿರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಿಂದ ಸುಮಾರು 48 ಕಿಲೋಮೀಟರ್ ದೂರದ ಈ ಊರಿಗೆ ನಮ್ಮವರು ಬಂದು ನೆಲೆಸಿದ್ದು ಮುಂಬಯಿಯೊಳಗೆ ಮನೆ ಮಾಡುವ ಶಕ್ತಿ ಇಲ್ಲದ್ದಕ್ಕೆ. ಅಪ್ಪಯ್ಯ ಬೈಂದೂರಿನ ಕಡೆಯವರು. ಓದು ಅರ್ಧಕ್ಕೆ ಬಿಟ್ಟು ಮುಂಬಯಿ ಬಸ್ಸು ಹತ್ತಿದವರು, ಫೋರ್ಟಿನ ಹೋಟೆಲಿನಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಎಸ್ಸೆಸ್ಸಿ ಪಾಸು ಮಾಡಿದರು. ಮುಂಬಯಿಯಲ್ಲಿ ಕರಾವಳಿಯವರ ಸಂಘವಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಹುಟ್ಟಿದ್ದು. ಅಂಥ ಸಂಘಗಳು ಮುಂದೆ ನಡೆಸಿದ ರಾತ್ರಿ ಶಾಲೆಗಳು ಇಲ್ಲದಿದ್ದರೆ ಕರಾವಳಿಯ ಎಷ್ಟೋ ಹೋಟೆಲ್ ಹುಡುಗರ ಬದುಕು ಅಡುಗೆಮನೆಯ ಹೊಗೆಯಲ್ಲೇ ಮುಗಿಯುತ್ತಿತ್ತು. ಅಪ್ಪಯ್ಯ ಕೊನೆಗೆ ಗಲ್ಲಾದ ಮೇಲೆ ಕೂರುವವರಾದರು. ಮನೆಯಲ್ಲಿ ಅವರು ಮಾತಾಡಿದ್ದು ಕಡಿಮೆ. ಆದರೆ ಗಿರಾಕಿ ಎಂಥವನೇ ಬರಲಿ, ನಿಧಾನವಾಗಿ, ಕಣ್ಣಿಗೆ ಕಣ್ಣು ಕೊಟ್ಟು ಲೆಕ್ಕ ಹೇಳುತ್ತಿದ್ದರು.

ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಮರಾಠಿ, ಹಿಂದಿ, ಉರ್ದು, ಗುಜರಾತಿಗಳ ಜೊತೆಗೆ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಹತ್ತನೆಯವರೆಗೆ ಗಣಿತ, ವಿಜ್ಞಾನ, ಶಿವಾಜಿ ಮಹಾರಾಜರ ಚರಿತ್ರೆ ಎಲ್ಲವನ್ನೂ ನಾನು ಓದಿದ್ದು ಆ ಪುಸ್ತಕಗಳಲ್ಲಿ, ಕನ್ನಡದಲ್ಲೇ. ಶಾಲೆಯಲ್ಲಿ ಭಾಷಣ ಮಾಡುತ್ತಿದ್ದೆ, ನಾಟಕಕ್ಕೆ ಸೇರುತ್ತಿದ್ದೆ. ಹನ್ನೊಂದನೆಯಲ್ಲಿ ಕಾಮರ್ಸ್ ಸೇರಿದಾಗ ಪಾಠವೆಲ್ಲ ಇಂಗ್ಲಿಷು, ಗೆಳತಿಯರ ಹರಟೆಯೆಲ್ಲ ಮರಾಠಿ. ಬಾಯಿ ಕಟ್ಟಿಹೋಯಿತು. ಉತ್ತರ ಗೊತ್ತಿದ್ದರೂ ಕೈ ಮೇಲೇಳುತ್ತಿರಲಿಲ್ಲ. ಮನೆಯಲ್ಲಿ ಕುಂದಾಪ್ರ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಬೀದಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷು. ಇಷ್ಟೆಲ್ಲ ಇದ್ದೂ ಒಂದೂ ಪೂರ್ತಿಯಾಗಿ ನನ್ನದಲ್ಲ ಎಂಬ ಅಳುಕು ಒಳಗೇ ಕೊರೆಯುತ್ತಿತ್ತು.

ಅದೇ ವರ್ಷಗಳಲ್ಲಿ ಮನೆಯಲ್ಲಿ ನನ್ನ ಪಾತ್ರವೇ ಬೇರೆ ಇತ್ತು. ಅಮ್ಮನಿಗೆ ತರಕಾರಿ ಕೊಳ್ಳುವಷ್ಟು ಮರಾಠಿ ಬರುತ್ತಿತ್ತು, ಅಷ್ಟೆ. ಅವಳಿಗೆ ಬಿಪಿ ಶುರುವಾದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಬೆಳಿಗ್ಗೆ ಸಾಲಿನಲ್ಲಿ ನಿಂತು ಕೇಸ್ ಪೇಪರ್ ಮಾಡಿಸಬೇಕು, ನಂಬರ್ ಬರುವವರೆಗೆ ಬೆಂಚಿನಲ್ಲಿ ಕಾಯಬೇಕು, ಡಾಕ್ಟರ ಎದುರು ಅಮ್ಮ ಹೇಳಿದ್ದನ್ನು ಮರಾಠಿಯಲ್ಲಿ ಹೇಳಬೇಕು. ‘ತಲೆ ತಿರ್ಗತ್ತ್’ ಅನ್ನುವುದು ಸುಲಭ. ಯಾವಾಗ ತಿರುಗುತ್ತದೆ, ಎದ್ದಾಗಲೋ ಬಗ್ಗಿದಾಗಲೋ, ಮಾತ್ರೆ ನುಂಗಿದ ಮೇಲೋ ಮೊದಲೋ ಎಂದು ಡಾಕ್ಟರು ಕೇಳುತ್ತಾರೆ. ಹಿಂದಿನ ರಾತ್ರಿಯೇ ಅಮ್ಮನನ್ನು ಕೂರಿಸಿಕೊಂಡು ಎಲ್ಲ ಕೇಳಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ನನಗೆ ರೂಢಿಯಾಯಿತು. ಬರೆದದ್ದು ಕೈಯಲ್ಲಿದ್ದರೆ ಬಾಯಿ ತಡವರಿಸುವುದಿಲ್ಲ. ಇದು ನಾನು ಕಲಿತ ಮೊದಲ ಪಾಠ.

ನಾನು ಹೀಗೆ ಓಡಾಡುವ ಸುದ್ದಿ ಅಕ್ಕಪಕ್ಕದವರಿಗೆ ಮುಟ್ಟಲು ತಡವಾಗಲಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ವಯಸ್ಸಾದ ಅಮ್ಮ ಇದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳು ದೂರ. ಗಂಡನ ಪಿಎಫ್ ದುಡ್ಡು, ಊರಿನ ಜಾಗ ಮಾರಿ ಬಂದ ದುಡ್ಡು ಸೇರಿಸಿ ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಯಲ್ಲೇ ಅವರ ಜೀವನ. ಆ ಬಡ್ಡಿಯಲ್ಲಿ ಹಿಂದಿನ ವರ್ಷ ತೆರಿಗೆ ಕಡಿತವಾಗಿತ್ತು. ಅರುವತ್ತು ದಾಟಿದವರು, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೆ, ವರ್ಷದ ಆರಂಭದಲ್ಲಿ 15ಎಚ್ ಎಂಬ ಫಾರ್ಮ್ ಕೊಟ್ಟರೆ ಬ್ಯಾಂಕು ಟಿಡಿಎಸ್ ಕಡಿಯುವಂತಿರಲಿಲ್ಲ. ಅದನ್ನು ಅವರಿಗೆ ಹೇಳಿದವರೇ ಇರಲಿಲ್ಲ.

ಏಪ್ರಿಲಿನ ಮೊದಲ ವಾರ ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಫಾರ್ಮ್ ಮನೆಯಲ್ಲೇ ತುಂಬಿಸಿದ್ದೆ, ಪ್ಯಾನ್ ಕಾರ್ಡಿನ ಜೆರಾಕ್ಸ್ ಪಿನ್ ಮಾಡಿದ್ದೆ. ಕೌಂಟರಿನವರು ಕಾಗದ ಮುಟ್ಟದೆಯೇ, ಇವತ್ತು ಆಗುವುದಿಲ್ಲ, ನಾಳೆ ಬನ್ನಿ ಅಂದರು. ಆ ಅಮ್ಮನಿಗೆ ಮಂಡಿನೋವು. ಮೆಟ್ಟಿಲು ಇಳಿದು, ರಿಕ್ಷಾ ಹಿಡಿದು ಅಲ್ಲಿಯವರೆಗೆ ಬಂದದ್ದೇ ಹೆಚ್ಚು. ನಾನು ಹೇಳಿದೆ: ‘ಫಾರ್ಮ್ ಘ್ಯಾ ಆಣಿ ಪೋಚ್‌ಪಾವತಿ ದ್ಯಾ, ಸಾಹೇಬ. ಆಮ್ಹಿ ಥಾಂಬತೋ.’ ಫಾರ್ಮ್ ತೆಗೆದುಕೊಂಡು ಸ್ವೀಕೃತಿ ಚೀಟಿ ಕೊಡಿ, ನಾವು ಕಾಯುತ್ತೇವೆ ಎಂದು. ದನಿ ಏರಿಸಲಿಲ್ಲ. ಬದಿಗೆ ಸರಿಯಲೂ ಇಲ್ಲ. ಅವರು ನನ್ನನ್ನೊಮ್ಮೆ, ನನ್ನ ಹಿಂದೆ ಗೋಡೆ ಹಿಡಿದು ನಿಂತಿದ್ದ ಅಮ್ಮನನ್ನೊಮ್ಮೆ ನೋಡಿ ಫಾರ್ಮ್ ತೆಗೆದುಕೊಂಡರು, ಕೆಳಗಿನ ಭಾಗಕ್ಕೆ ಸೀಲು ಒತ್ತಿ ಹರಿದು ಕೊಟ್ಟರು. ಹೊರಗೆ ಬಂದ ಮೇಲೆ ಆ ಅಮ್ಮ, ‘ಎಷ್ಟ್ ಚೆಂದ ಮಾತಾಡ್ತೆ ಮಗಾ ನೀನ್!’ ಅಂದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಕ್ಲಾಸಿನಲ್ಲಿ ಒಂದು ಸಂದೇಹ ಕೇಳಲು ನಾಲಿಗೆ ಒಣಗುವ ಹುಡುಗಿಗೆ ಇಲ್ಲಿ ಹೇಗೆ ಬಾಯಿ ಬಂತು? ಯೋಚಿಸಿದಷ್ಟೂ ಸ್ಪಷ್ಟವಾಯಿತು. ಕ್ಲಾಸಿನಲ್ಲಿ ನನ್ನ ಗಮನವೆಲ್ಲ ನನ್ನ ಮೇಲೆಯೇ ಇರುತ್ತಿತ್ತು: ವ್ಯಾಕರಣ ತಪ್ಪಿತೇ, ಉಚ್ಚಾರ ಕೆಟ್ಟಿತೇ, ಯಾರಾದರೂ ನಕ್ಕರೇ? ಬ್ಯಾಂಕಿನಲ್ಲಿ ನನ್ನ ಗಮನ ಆ ಅಮ್ಮನ ಮಂಡಿಯ ಮೇಲಿತ್ತು, ಫಾರ್ಮಿನ ಮೇಲಿತ್ತು. ಕೆಲಸ ಮುಂದೆ ಬಂದಾಗ ನಾಚಿಕೆ ಹಿಂದೆ ಸರಿದಿತ್ತು. ಧೈರ್ಯ ಬಂದ ಮೇಲೆ ಮಾತಾಡೋಣ ಎಂದು ಕಾಯುತ್ತಿದ್ದರೆ ನಾನು ಇಂದಿಗೂ ಕಾಯುತ್ತಲೇ ಇರುತ್ತಿದ್ದೆ. ಇನ್ನೊಬ್ಬರಿಗೆ ತುರ್ತಾಗಿ ಬೇಕಾದದ್ದನ್ನು ಕೇಳಲು ಹೋದಾಗ ಅದು ಹೇಳದೆ ಕೇಳದೆ ಬಂದು ಪಕ್ಕದಲ್ಲಿ ನಿಂತಿತ್ತು.

ಭಾಷೆಯ ಅಳುಕು ಕಡಿಮೆಯಾದದ್ದಕ್ಕೆ ಊರೇ ಕಾರಣ. 2017ರ ಫೆಬ್ರವರಿಯಲ್ಲಿ 90ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಡೊಂಬಿವಲಿಯಲ್ಲಿ ನಡೆಯಿತು. ಗೆಳತಿಯೊಬ್ಬಳು ಎಳೆದುಕೊಂಡು ಹೋದಳು. ಸಮ್ಮೇಳನದಲ್ಲಿ ಎಲ್ಲರೂ ಪುಸ್ತಕದ ಮರಾಠಿಯಲ್ಲೇ ಮಾತಾಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಪುಸ್ತಕದ ಮಳಿಗೆಗಳ ನಡುವೆ ಸುತ್ತಿದಾಗ ವಿದರ್ಭದವರ ರಾಗ ಬೇರೆ, ಕೊಂಕಣದವರ ಧಾಟಿ ಬೇರೆ, ಖಾನ್ದೇಶದವರ ಮಾತೇ ಬೇರೆ. ಯಾರೂ ತಮ್ಮ ಮಾತಿಗಾಗಿ ಸಂಕೋಚಪಡುತ್ತಿರಲಿಲ್ಲ. ನನ್ನ ಮರಾಠಿಯಲ್ಲಿ ಕುಂದಾಪುರದ ಎಳೆತ ಇದ್ದರೆ ಇರಲಿ ಎಂದು ಅಂದೇ ಬಿಟ್ಟುಬಿಟ್ಟೆ. ನಮ್ಮ ಹಿರಿಯರೂ ಭಾಷೆಗೆ ಅಳುಕಿ ಕೂತವರಲ್ಲ. ಡೊಂಬಿವಲಿ ಕರ್ನಾಟಕ ಸಂಘ ಇಲ್ಲಿ ಮಂಜುನಾಥ ಹೆಸರಿನ ಶಾಲೆ, ಕಾಲೇಜು ಕಟ್ಟಿ ನಡೆಸುತ್ತಿದೆ. ಹೊರನಾಡಿಗೆ ಬಂದ ಹಿರಿಯರು, ಈ ಊರಿನ ಮಾತು ಪೂರ್ತಿ ಹಿಡಿತಕ್ಕೆ ಬಂದ ಮೇಲೆ ನೋಡೋಣ ಎಂದು ಕೂತಿದ್ದರೆ ಇಂಥ ಒಂದು ಸಂಸ್ಥೆಯೂ ಏಳುತ್ತಿರಲಿಲ್ಲ.

ಬಿ.ಕಾಂ. ಮುಗಿದ ಮೇಲೆ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಹಳಬರೂ ಹೊಸಬರೂ ಒಟ್ಟಿಗೇ ಕಲಿಯಬೇಕಾಗಿದ್ದ ಕಾಲ ಅದು. ತಿಂಗಳ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಯ ಮಾರಾಟದ ರಿಟರ್ನ್, 20ಕ್ಕೆ 3ಬಿ ಎಂಬ ಇನ್ನೊಂದು ರಿಟರ್ನ್. ಈ ತಾರೀಖುಗಳು ನನ್ನ ತಿಂಗಳನ್ನೇ ಆಳಿದವು. ಹೊಸ ವಿಷಯದಲ್ಲಿ ಎಲ್ಲರೂ ಹೊಸಬರು. ಇಂಗ್ಲಿಷು ಚೆನ್ನಾಗಿ ಬರುವವರಿಗಿಂತ ನಿಯಮ ಓದಿಕೊಂಡು ಬಂದವರ ಮಾತಿಗೆ ಬೆಲೆ ಬರುವುದನ್ನು ಅಲ್ಲಿ ಕಣ್ಣಾರೆ ಕಂಡೆ.

ದಿನವೂ ಗಾಡಿ ಹಿಡಿಯುವುದೂ ಒಂದು ಶಾಲೆ. ಬೆಳಗಿನ ಫಾಸ್ಟ್ ಗಾಡಿ ಡೊಂಬಿವಲಿಗೆ ಬರುವ ಹೊತ್ತಿಗೆ ಕಲ್ಯಾಣದಾಚೆಯವರು ತುಂಬಿರುತ್ತಾರೆ. ಲೇಡೀಸ್ ಡಬ್ಬದಲ್ಲೂ ಕಾಲಿಡಲು ಜಾಗ ಇರುವುದಿಲ್ಲ. ಠಾಣೆಗೆ ಇಳಿಯುವವರ ಮೇಲೆ ಮುಂದೆ ಹೋಗುವವರಿಗೆ ಸಿಟ್ಟು, ಯಾಕೆಂದರೆ ನಾವು ಬಾಗಿಲ ಹತ್ತಿರವೇ ನಿಂತಿರಬೇಕಾಗುತ್ತದೆ. ‘ತಾಈ, ಥೋಡೆ ಸರ್ಕಾ’ (ಅಕ್ಕಾ, ಸ್ವಲ್ಪ ಸರಿಯಿರಿ) ಎಂದು ಗಟ್ಟಿಯಾಗಿ ಹೇಳಲು ಅಲ್ಲಿ ಕಲಿತೆ. ಅದಕ್ಕಿಂತ ದೊಡ್ಡದನ್ನೂ ಕಲಿತೆ: ತುಂಬಿದ ಗಾಡಿಯನ್ನು ಬಿಡುವುದು. ನೇತಾಡಿಕೊಂಡು ಹೋಗುವುದನ್ನು ಗಟ್ಟಿಗತನ ಎಂದು ತಿಳಿದವರು ಬಹಳ. ತಡವಾಗಿ ಬಂದದ್ದಕ್ಕೆ ಆಫೀಸಿನಲ್ಲಿ ಗೊಣಗಿದಾಗ, ನಾಳೆಯಿಂದ ಮನೆ ಬೇಗ ಬಿಡುತ್ತೇನೆ, ಆದರೆ ಬಾಗಿಲಲ್ಲಿ ನೇತಾಡಿ ಬರುವುದಿಲ್ಲ ಎಂದು ನೇರವಾಗಿ ಹೇಳಿದೆ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ, ತಿರುವಿನಲ್ಲಿ ಎದುರುಬದುರಾಗಿ ಹೋಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಿನಿಂದ ಪ್ರಯಾಣಿಕರು ಕೆಳಗೆ ಬಿದ್ದು ಜೀವ ಹೋದ ಸುದ್ದಿ ಕೇಳಿದಾಗ ಅಮ್ಮ ನನ್ನ ಕೈ ಹಿಡಿದು ಅತ್ತಳು. ಎಲ್ಲರೂ ನುಗ್ಗುವಾಗ ಹಿಂದೆ ನಿಲ್ಲುವುದಕ್ಕೂ ಆತ್ಮವಿಶ್ವಾಸ ಬೇಕು.

ಇಷ್ಟಾದರೂ ಒಂದು ಬಾಗಿಲು ಮುಚ್ಚಿಯೇ ಇತ್ತು. ಬೇರೆಯವರ ಪರವಾಗಿ ಸಲೀಸಾಗಿ ಮಾತಾಡುತ್ತಿದ್ದ ನಾನು ನನ್ನ ಪರವಾಗಿ ಕೇಳುವಾಗ ಹಿಂದೆಗೆಯುತ್ತಿದ್ದೆ. ಜೊತೆಗೇ ಸೇರಿದ ಹುಡುಗನಿಗೆ ನನಗಿಂತ ಹೆಚ್ಚು ಪಗಾರ ಎಂದು ಗೊತ್ತಾದ ಮೇಲೂ ತಿಂಗಳುಗಟ್ಟಲೆ ಒಳಗೊಳಗೇ ಬೆಂದೆ. ಹೆಣ್ಣುಮಕ್ಕಳು ತಮಗಾಗಿ ಕೇಳಿದರೆ ದುರಾಸೆ, ಇತರರಿಗಾಗಿ ಕೇಳಿದರೆ ಒಳ್ಳೆಯತನ ಎಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮನೆ ಮನೆಯಲ್ಲಿ ಕಲಿಸಿಬಿಡುತ್ತೇವೆ. ಒಂದು ರಾತ್ರಿ ಅಪ್ಪಯ್ಯನ ಹತ್ತಿರ ಹೇಳಿಕೊಂಡೆ. ಅವರು ಊಟ ನಿಲ್ಲಿಸಿ, ‘ಕೆಲ್ಸ ಮಾಡಿದ್ದಕ್ಕೆ ಕೇಂಬುದ್ ಬೇಡುದಲ್ಲ ಮಗಾ, ಅದ್ ಲೆಕ್ಕ’ ಅಂದರು. ಗಲ್ಲಾದಲ್ಲಿ ಕೂತು ಜೀವನ ಸವೆಸಿದವರ ಮಾತು ಅದು.

ಹಾಗಾಗಿ ನನ್ನನ್ನೇ ಆ ಬಿಲ್ಡಿಂಗಿನ ಅಮ್ಮ ಎಂದುಕೊಂಡೆ. ಅವರಿಗಾಗಿ ಹೋಗುವುದಿದ್ದರೆ ಏನು ಮಾಡುತ್ತಿದ್ದೆ? ಕಾಗದ ತಯಾರು ಮಾಡುತ್ತಿದ್ದೆ. ಒಂದು ಹಾಳೆಯಲ್ಲಿ ಆ ವರ್ಷ ನಾನು ನೋಡಿಕೊಂಡ ರಿಟರ್ನ್‌ಗಳು, ದಂಡ ಬೀಳದಂತೆ ಸಮಯಕ್ಕೆ ಕಟ್ಟಿದ ತೆರಿಗೆ, ಸಪ್ಲಾಯರ್ ಬಿಲ್ ತಾಳೆ ನೋಡಿ ವಾಪಸು ಹಿಡಿದ ತೆರಿಗೆಯ ಕ್ರೆಡಿಟ್, ಕೊನೆಗೆ ನನಗೆ ಬೇಕಾದ ಪಗಾರ, ಎಲ್ಲ ಬರೆದೆ. ತಿಂಗಳ 20ನೇ ತಾರೀಖು ದಾಟಿ ಕೆಲಸದ ಒತ್ತಡ ಇಳಿದ ಮೇಲೆ ಮ್ಯಾನೇಜರ ಹತ್ತಿರ ಸಮಯ ಕೇಳಿ ಹೋದೆ. ಹಾಳೆ ಅವರ ಮುಂದಿಟ್ಟೆ, ಓದಿ ಮುಗಿಸುವವರೆಗೆ ಸುಮ್ಮನಿದ್ದೆ. ಆ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ. ಕ್ಷಮೆ ಕೇಳುವಂತೆ ಏನಾದರೂ ಸೇರಿಸಿಬಿಡೋಣ ಅನ್ನಿಸುತ್ತದೆ. ಸೇರಿಸಲಿಲ್ಲ. ಕೇಳಿದಷ್ಟು ಸಿಗಲಿಲ್ಲ, ಆದರೆ ಏಪ್ರಿಲಿನಿಂದ ಪಗಾರ ಏರಿತು. ಮುಂದೆ ಅದೇ ಹಾಳೆ ಬೆಳೆಸಿಕೊಂಡು ಇನ್ನೂ ಒಳ್ಳೆಯ ಕೆಲಸಕ್ಕೆ ಹೋದೆ.

ಹಿಂದಿರುಗಿ ನೋಡಿದರೆ, ನನ್ನನ್ನು ನಾನು ಕಂಡುಕೊಂಡದ್ದು ಒಬ್ಬಳೇ ಕೂತು ಚಿಂತಿಸಿದ್ದರಿಂದ ಅಲ್ಲ. ನಾಲ್ಕು ಜನರ ಕೆಲಸಕ್ಕೆ ಓಡಾಡುವಾಗ ನನಗೇನು ಬರುತ್ತದೆ ಎಂಬುದು ಗೊತ್ತಾಯಿತು. ಕಗ್ಗಂಟಾದ ವಿಷಯವನ್ನು ಬಿಡಿಸಿ ಹೇಳುವುದು, ಕಾಗದಪತ್ರ ಓರಣವಾಗಿಡುವುದು, ಎದುರಿನವರ ಭಾಷೆಗೆ ಹೊರಳುವುದು, ಇವು ನನ್ನ ಗುಣಗಳು. ಅಳುಕಿಗೆ ಕಾರಣವಾಗಿದ್ದ ಆ ಅರೆಬರೆ ಭಾಷೆಗಳೇ ಈಗ ನನ್ನ ಅನ್ನಕ್ಕೆ ಆಧಾರ. ಆಫೀಸಿನಲ್ಲಿ ಹುಬ್ಬಳ್ಳಿಯ ಸಪ್ಲಾಯರ್ ಜೊತೆ, ಭಿವಂಡಿಯ ಗೋಡೌನಿನವರ ಜೊತೆ, ಆಡಿಟರ್ ಜೊತೆ ಒಂದೇ ದಿನ ಮಾತಾಡಬೇಕಾದರೆ ಕರೆಯುವುದು ನನ್ನನ್ನು.

ಇಂದು ಹದಿನೆಂಟು ಇಪ್ಪತ್ತರಲ್ಲಿ ಇರುವವರಿಗೆ ನನ್ನದೊಂದು ಮಾತು. ಕಾನ್ಫಿಡೆನ್ಸ್ ಕಲಿಸುವ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ನಿಮ್ಮ ಬಿಲ್ಡಿಂಗಿನಲ್ಲಿ, ಚಾಳಿನಲ್ಲಿ, ಓಣಿಯಲ್ಲಿ ಫಾರ್ಮ್ ತುಂಬಲು ಬಾರದ ಒಬ್ಬ ಹಿರಿಯರನ್ನು ಹುಡುಕಿ. ಅವರ ಜೊತೆ ಕೌಂಟರಿಗೆ ಹೋಗಿ, ಕೆಲಸ ಮುಗಿಸಿಕೊಂಡೇ ಬನ್ನಿ. ಸ್ವೀಕೃತಿ ಚೀಟಿ ಕೇಳಲು ಮರೆಯಬೇಡಿ. ಆಮೇಲೆ, ಅಷ್ಟೇ ತಯಾರಿಯಿಂದ, ನಿಮಗೆ ಸಲ್ಲಬೇಕಾದದ್ದನ್ನೂ ಕೇಳಿ. ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ: ಮಗಳನ್ನು ಬ್ಯಾಂಕಿಗೆ, ಆಸ್ಪತ್ರೆಗೆ, ಸೊಸೈಟಿಯ ಮೀಟಿಂಗಿಗೆ ನೀವೇ ಕಳಿಸಿ. ನೀವು ಜೊತೆಗಿದ್ದಾಗ ಅವಳು ಕೌಂಟರಿನಲ್ಲಿ ತಡವರಿಸಿದರೆ ನಡುವೆ ಬಾಯಿ ಹಾಕಬೇಡಿ. ಮಾತು ಮುಗಿಸಲು ಅವಳಿಗೆ ಬಿಡಿ.