ಒಲೆಯ ಉರಿ ಮತ್ತು ಗಾಳಿಯ ಹದ

ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ತರ್ಕಶಾಸ್ತ್ರದ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದ ಉದಾಹರಣೆ. ಒಲೆಯ ಶಾಸ್ತ್ರವು ಇದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ: ಹೊಗೆ ಹೆಚ್ಚಾದಲ್ಲಿ ದಹನವು ಅಪೂರ್ಣವಾಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಅನಿಲದ ಒಲೆ ಬಹಳ ಮನೆಗಳನ್ನು ಹೊಕ್ಕಿದ್ದರೂ, ನೀರು ಕಾಯಿಸುವುದಕ್ಕೆ, ರೊಟ್ಟಿ ಬೇಯಿಸುವುದಕ್ಕೆ ಕಟ್ಟಿಗೆಯ ಒಲೆ ಅನೇಕ ಕಡೆ ಉಳಿದಿದೆ. ಹತ್ತಿಕಟ್ಟಿಗೆ, ಜಾಲಿಕಟ್ಟಿಗೆ, ಕುಳ್ಳು, ಕಬ್ಬಿನ ರವದಿ ಇವು ಅದರ ಉರುವಲು. ಆದುದರಿಂದ ಉರಿಯನ್ನು ಆಳುವ ಬಗೆಯನ್ನು ನಾವು ಅರಿಯುವುದು ಅವಶ್ಯ.

ಕಟ್ಟಿಗೆ ಉರಿಯುವ ಬಗೆ

ಕಟ್ಟಿಗೆಯ ದಹನದಲ್ಲಿ ಮೂರು ಹಂತಗಳಿವೆ. ಮೊದಲು ಅದರಲ್ಲಿಯ ನೀರು ಆವಿಯಾಗುತ್ತದೆ. ಕುದಿಯುವ ಒಂದು ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 540 ಕಿಲೋಕ್ಯಾಲೊರಿ ಶಾಖ ಬೇಕು. ಹಸಿ ಕಟ್ಟಿಗೆ ಒಲೆಯ ಕಾವನ್ನು ನುಂಗುವುದು ಇದರಿಂದಲೇ. ಬಳಿಕ, ಉಷ್ಣಮಾನ 250–300 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಕಟ್ಟಿಗೆಯಿಂದ ಅನಿಲಗಳು ಹೊರಡುತ್ತವೆ. ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೆ ಹೊರಬೀಳುತ್ತದೆ. ಈ ಅನಿಲಗಳು ಉರಿಯುವುದನ್ನೇ ನಾವು ಜ್ವಾಲೆಯೆನ್ನುತ್ತೇವೆ. ಕೊನೆಗೆ ಉಳಿದದ್ದು ಕೆಂಡವಾಗಿ ನಿಧಾನವಾಗಿ ಉರಿಯುತ್ತದೆ. ಅನಿಲಗಳಿಗೆ ಸಾಕಷ್ಟು ಗಾಳಿಯಾಗಲಿ ಕಾವಾಗಲಿ ದೊರೆಯದಿದ್ದರೆ ಅವು ಹೊಗೆಯಾಗಿ ಹೋಗುತ್ತವೆ. ಹೊಗೆಯೆಂದರೆ ಉರಿಯದೆ ಹೋದ ಉರುವಲು.

ಗಾಳಿಯ ಪ್ರಮಾಣ

ಒಂದು ಕಿಲೋಗ್ರಾಂ ಒಣ ಕಟ್ಟಿಗೆ ಪೂರ್ಣವಾಗಿ ಉರಿಯಲು ಸುಮಾರು 6 ಕಿಲೋಗ್ರಾಂ ಗಾಳಿ ಬೇಕು. ಒಲೆಯಲ್ಲಿ ಗಾಳಿಯೂ ಅನಿಲವೂ ಚೆನ್ನಾಗಿ ಬೆರೆಯದ ಕಾರಣ ಇನ್ನೂ ಹೆಚ್ಚಿಗೆ ಬೇಕಾಗುತ್ತದೆ. ಹಾಗೆಂದು ಗಾಳಿಯನ್ನು ಮಿತಿಮೀರಿ ಬಿಟ್ಟರೆ, ಆ ತಣ್ಣನೆಯ ಗಾಳಿಯು ಜ್ವಾಲೆಯನ್ನು ತಂಪುಮಾಡಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಕಡಿಮೆಯಾದರೆ ಹೊಗೆ, ಹೆಚ್ಚಾದರೆ ಶಾಖನಷ್ಟ. ಇವೆರಡರ ನಡುವಿನ ಹದವೇ ಉತ್ತಮ ಒಲೆಯ ಗುಟ್ಟು.

ಹಳೆಯ ಮಣ್ಣಿನ ಒಲೆಯಲ್ಲಿ ಕಟ್ಟಿಗೆಯು ಬೂದಿಯ ಮೇಲೆಯೇ ಮಲಗಿರುತ್ತದೆ. ಕೆಂಡಕ್ಕೆ ಕೆಳಗಿನಿಂದ ಗಾಳಿ ಸಿಗದ್ದರಿಂದ ನಮ್ಮ ತಾಯಂದಿರು ಊದುಗೊಳವೆ ಹಿಡಿಯಬೇಕಾಗುತ್ತದೆ. ಕಬ್ಬಿಣದ ಕಂಬಿಗಳ ಜಾಳಿಗೆಯನ್ನಿಟ್ಟು ಬೂದಿಯನ್ನು ಆಗಾಗ ತೆಗೆದರೆ ಗಾಳಿ ತಾನೇ ಕೆಂಡವನ್ನು ಮುಟ್ಟುತ್ತದೆ. ಹೊಗೆಕೊಳವೆಯಿದ್ದರೆ ಅದರೊಳಗಿನ ಬಿಸಿ ಅನಿಲವು ಹಗುರಾಗಿ ಮೇಲೇರುತ್ತ ಕೆಳಗಿನಿಂದ ಹೊಸ ಗಾಳಿಯನ್ನು ಸೆಳೆಯುತ್ತದೆ. ಮಾಳಿಗೆಯ ಮನೆಗಳ ಬೆಳಕಿಂಡಿ ಈ ಕೆಲಸವನ್ನು ಮಾಡಲಾರದು. ಹೊಗೆ ಕೋಣೆಯನ್ನೆಲ್ಲ ತುಂಬಿದ ಮೇಲೆಯೇ ಅದರಿಂದ ಹೊರಬೀಳುತ್ತದೆ.

ಅಸ್ತ್ರ ಒಲೆ

ಈ ತತ್ತ್ವಗಳನ್ನೇ ಅನುಸರಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮೂರು ಪಾತ್ರೆಗಳನ್ನಿಡುವ ಒಲೆಯೊಂದನ್ನು ರೂಪಿಸಿತು. ಜಾಳಿಗೆ, ಮುಚ್ಚಿದ ಉರುವಲಿನ ಗೂಡು, ಹೊಗೆಕೊಳವೆ ಇವು ಅದರ ಮುಖ್ಯ ಅಂಗಗಳು. 1983ರಲ್ಲಿ ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಇಂಥ ಒಲೆಯ ಲಾಭವು ಸರಿಯಾದ ಅಳತೆಯನ್ನೂ ಸ್ವಚ್ಛವಾದ ಕೊಳವೆಯನ್ನೂ ಅವಲಂಬಿಸಿದೆ. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮತ್ತೆ ಅಡುಗೆಮನೆಗೇ ತಿರುಗುತ್ತದೆ.

ಬಳಕೆಯ ಸೂತ್ರಗಳು

1. ಕಟ್ಟಿಗೆಯನ್ನು ಸೀಳಿ ಚೆನ್ನಾಗಿ ಒಣಗಿಸಬೇಕು.
2. ಒಮ್ಮೆಗೇ ತುರುಕದೆ, ಸ್ವಲ್ಪಸ್ವಲ್ಪವಾಗಿ ಮುಂದಕ್ಕೆ ನೂಕಬೇಕು.
3. ರೊಟ್ಟಿಯ ಹಂಚಿಗೆ ಜ್ವಾಲೆ ಬೇಕು. ಬೇಳೆ ಕುದಿಯಲು ಕಟ್ಟಿಗೆಯನ್ನು ಹಿಂದೆ ಸರಿಸಿ ಕೆಂಡವನ್ನಷ್ಟೇ ಉಳಿಸಿದರೆ ಸಾಕು.
4. ಕೆಂಡವಿರುವಾಗ ಹೊಗೆಯ ದಾರಿಯನ್ನು ಪೂರ್ತಿ ಮುಚ್ಚಬಾರದು. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವು ಕೋಣೆಯಲ್ಲಿ ತುಂಬಿ ಪ್ರಾಣಾಪಾಯವಾದೀತು.

ಬೆಲ್ಲದ ಗಾಣದಲ್ಲಿಯೂ ಇದೇ ನಿಯಮ. ಪಾಕವು ಸುಮಾರು 118 ಡಿಗ್ರಿ ಸೆಂಟಿಗ್ರೇಡಿಗೆ ಸಮೀಪಿಸಿದಾಗ ಉರಿಯನ್ನು ತಗ್ಗಿಸದಿದ್ದರೆ ಬೆಲ್ಲ ಕಪ್ಪಾಗುತ್ತದೆ. ಕಪ್ಪು ಬೆಲ್ಲಕ್ಕೆ ಪೇಟೆಯಲ್ಲಿ ಬೆಲೆ ಇಳಿಯುವುದು ರೈತನಿಗೆ ಗೊತ್ತು. ಆದರೆ ಹೊಗೆ ಕುಡಿದ ತಾಯಿಯ ಕಣ್ಣು, ಶ್ವಾಸಕೋಶಗಳ ನಷ್ಟವನ್ನು ಯಾವ ಪೇಟೆಯೂ ತೂಗಿ ಹೇಳುವುದಿಲ್ಲ. ಈ ಪಾಠವನ್ನು ಓದಿದವರು ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಮನೆಯ ಒಲೆಯ ಬೂದಿಯನ್ನು ತೆಗೆದು, ಗಾಳಿಗೆ ದಾರಿಮಾಡಿ ಕೊಟ್ಟರೆ ವಿದ್ಯೆ ಸಾರ್ಥಕವಾದಂತೆಯೇ ಸರಿ.