ಹೆಸರಿಲ್ಲದ ಮಾತಿಗೆ ಮನೆ ಒಡೆಯಬೇಕೇ?

ಪ್ರಶ್ನೆ: ಅಕ್ಕಾವ್ರ, ಮಗಳ ಕೈಲೆ ಈ ಪತ್ರ ಬರಸಾಕತ್ತೇನಿ. ನಾವು ಇಳಕಲ್ಲಿನ ನೇಕಾರ ಮಂದಿ. ದೊಡ್ಡ ಮಗ ಬಾಗಲಕೋಟೆ ನವನಗರದಾಗ ನೌಕರಿ ಮಾಡ್ತಾನ, ಸಣ್ಣಾಂವ ಮನ್ಯಾಗ ಮಗ್ಗ ನೇಯ್ತಾನ. ಲೋಕಸಭಾ ಚುನಾವಣಿ ಹೊತ್ತಿನ್ಯಾಗ ಇಬ್ಬರಿಗೂ ಮಾತಿಗೆ ಮಾತು ಬೆಳೀತು. ಇಂವ ಒಂದು ಚಾನೆಲ್ ನೋಡಿದ್ರ ಅಂವ ಮತ್ತೊಂದು ನೋಡ್ತಾನ. ಸಣ್ಣಾಂವ ಮಗ್ಗದ ಮುಂದ ಮೊಬೈಲ್ ಇಟಗೊಂಡು ದಿನಾ ಆ ಜಗಳದ ಚರ್ಚಾ ಕೇಳಕೋತ ನೇಯ್ತಾನ. ಒಂದಿನ ಯಾವುದೋ ಫೋಟೊ ಮನಿಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ. ಅದಕ್ಕ ದೊಡ್ಡಾಂವ ‘ನೀ ದೇಶದ್ರೋಹಿ’ ಅಂದ, ಇಂವ ‘ನೀ ಗುಲಾಮ’ ಅಂದ. ಅವತ್ತಿನಿಂದ ಮಾತಿಲ್ಲ, ಕತಿಯಿಲ್ಲ. ಬನಶಂಕರಿ ಜಾತ್ರಿಗೂ ಕೂಡಿ ಹೋಗಲಿಲ್ಲ. ಯಾರದು ಖರೇ, ಯಾರದು ಸುಳ್ಳು ನನಗ ತಿಳಿಯವಲ್ದು. ಇಬ್ಬರೂ ನನ್ನ ಮಕ್ಕಳ. ನಾ ಏನ್ ಮಾಡ್ಲಿ?
– ಹೆಸರು ಬೇಡ, ಇಳಕಲ್

ಉತ್ತರ: ತಾಯೀ, ಮೊದಲು ಒಂದು ಭಾರ ಇಳಿಸಿಕೊಳ್ಳಿ. ಇಬ್ಬರಲ್ಲಿ ಯಾರ ಪಕ್ಷ ಸರಿ ಎಂದು ತೀರ್ಪು ಕೊಡುವ ಕೆಲಸ ನಿಮ್ಮದಲ್ಲ. ಅದನ್ನು ಅವರವರು ಮತಗಟ್ಟೆಯಲ್ಲಿ ತೀರ್ಮಾನಿಸಿಕೊಂಡಾಗಿದೆ. ಒಂದೇ ಮನೆಯವರು ಬೇರೆ ಬೇರೆ ಪಕ್ಷಕ್ಕೆ ಮತ ಹಾಕುವುದು ನಮ್ಮ ಕಡೆ ಹೊಸದೇನಲ್ಲ, ಅದರಿಂದ ಮಾತು ಬಿಟ್ಟ ಮನೆಗಳೂ ಕಡಿಮೆ. ನಿಮ್ಮ ಮಕ್ಕಳ ಮಾತು ನಿಂತದ್ದು ಒಂದು ಫೋಟೊದಿಂದ ಮತ್ತು ಎರಡು ಬೈಗುಳದಿಂದ. ಆ ಫೋಟೊ ತೆಗೆದವರು ಯಾರು, ಯಾವಾಗ, ಎಲ್ಲಿ? ಅದನ್ನು ಮೊದಲು ಹಂಚಿದವರು ಯಾರು? ಇಬ್ಬರಲ್ಲಿ ಒಬ್ಬರೂ ಕೇಳಿದಂತೆ ಕಾಣುವುದಿಲ್ಲ. ಯಾರೋ ಗೊತ್ತಿಲ್ಲದವರು ಕಳಿಸಿದ್ದಕ್ಕೆ ಅಣ್ಣ ತಮ್ಮಂದಿರು ದೂರವಾಗಿದ್ದಾರೆ. ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ: ಹೆಸರಿಲ್ಲದ ಮಾತಿಗೆ ಮನೆಯೊಳಗೆ ಜಾಗ ಕೊಡಬೇಡಿ.

ನಿಮ್ಮ ಮಕ್ಕಳಷ್ಟೇ ಹೀಗೆ ಎಂದು ನೊಂದುಕೊಳ್ಳಲೂಬೇಡಿ. 1969ರ ರಾಷ್ಟ್ರಪತಿ ಚುನಾವಣೆಯ ಸಂಗತಿ ಕೇಳಿ. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪನವರು. 1962ರಲ್ಲಿ ಹೊಸದುರ್ಗದಲ್ಲಿ ಸೋತ ಮೇಲೆ ಬಾಗಲಕೋಟೆಯಿಂದಲೇ ಅವರು ವಿಧಾನಸಭೆಗೆ ಹೋದದ್ದು. ರಾಷ್ಟ್ರಪತಿ ಸ್ಥಾನಕ್ಕೆ ಪಕ್ಷ ನಿಲ್ಲಿಸಿದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಪ್ರಧಾನಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು, ಸ್ವತಂತ್ರವಾಗಿ ನಿಂತಿದ್ದ ವಿ.ವಿ. ಗಿರಿ ಗೆದ್ದರು. ಮತದಾನಕ್ಕೆ ಮುಂಚೆ ರೆಡ್ಡಿಯವರ ಚಾರಿತ್ರ್ಯವನ್ನು ಹೀನಾಯವಾಗಿ ಹಳಿಯುವ ಒಂದು ಕರಪತ್ರ ಮತದಾರರ ಕೈಸೇರಿತ್ತು. ಬರೆದವರ ಹೆಸರು ಅದರಲ್ಲಿ ಇರಲಿಲ್ಲ. ಚುನಾವಣೆ ಪ್ರಶ್ನಿಸಿ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ರಾಷ್ಟ್ರಪತಿಯಾಗಿದ್ದ ಗಿರಿಯವರೇ ಖುದ್ದಾಗಿ ಬಂದು ಸಾಕ್ಷಿ ಹೇಳಿದರು. 1970ರಲ್ಲಿ ಅರ್ಜಿಗಳು ವಜಾ ಆದವು. ಅಷ್ಟರಲ್ಲಿ ಕಾಂಗ್ರೆಸ್ ಎರಡು ಹೋಳಾಗಿತ್ತು. ಅದಕ್ಕೆ ಬೇರೆ ದೊಡ್ಡ ಕಾರಣಗಳಿದ್ದವು ನಿಜ. ಆದರೂ ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಹಾಕುವವರು ಶಾಸಕರು, ಸಂಸದರು ಮಾತ್ರ ಎಂಬುದನ್ನು ನೆನೆಯಿರಿ. ಅಂಥವರ ನಡುವೆಯೇ ಹೆಸರಿಲ್ಲದ ಒಂದು ಹಾಳೆ ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೂ ಹೋಗುವಷ್ಟು ಗದ್ದಲ ಎಬ್ಬಿಸಿತು. ಇಂದು ಅಂಥ ಹಾಳೆಗಳು ದಿನಕ್ಕೆ ಹತ್ತಾರು, ನಿಮ್ಮ ಮಗನ ಮಗ್ಗದ ಮುಂದೆಯೇ ಬಂದು ಬೀಳುತ್ತವೆ.

ಕಾನೂನಿಗೂ ಈ ಅಪಾಯ ಗೊತ್ತಿದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನಂತೆ ಚುನಾವಣೆಯ ಕರಪತ್ರ, ಪೋಸ್ಟರುಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಕಾಗದಕ್ಕೆ ಇರುವ ಈ ನಿಯಮವನ್ನು ನಿಮ್ಮ ಮನೆಯ ಗ್ರೂಪಿಗೂ ತನ್ನಿ. ಯಾರು ಹೇಳಿದ್ದು, ಯಾವತ್ತಿನದು ಎಂದು ಹೇಳಲಾಗದ ಫೋಟೊ, ವಿಡಿಯೊ ಅಲ್ಲಿಗೆ ಬರಕೂಡದು. ಯಾವ ಮಗನ ಪಕ್ಷದ್ದಾದರೂ ಇದೇ ನಿಯಮ.

ಇನ್ನು ಚಾನೆಲ್ಲಿನ ಮಾತು. ಸಂಜೆ ಸ್ಟುಡಿಯೋದಲ್ಲಿ ನಾಲ್ಕು ಮಂದಿ ಕುಳಿತು ಕೂಗಾಡುವುದು ಸುದ್ದಿಯಲ್ಲ, ಅದು ಅವರವರ ಅಭಿಪ್ರಾಯ. ವರದಿಗಾರನನ್ನು ಊರೂರಿಗೆ ಕಳಿಸಿ ವಿಚಾರಿಸಲು ಹಣ ಬೇಕು, ಸಮಯ ಬೇಕು. ಜನರನ್ನು ಕರೆಸಿ ಜಗಳ ಹಚ್ಚಲು ಅಷ್ಟು ಖರ್ಚಿಲ್ಲ. ಸಿಟ್ಟಿಗೆದ್ದ ನೋಡುಗ ಎದ್ದು ಹೋಗುವುದಿಲ್ಲ, ಅವನು ಕುಳಿತಷ್ಟೂ ಜಾಹೀರಾತು. ಅಭಿಪ್ರಾಯ ಇರುವುದು ತಪ್ಪಲ್ಲ, ಅದನ್ನು ಸುದ್ದಿಯೆಂದು ನಂಬುವುದು ತಪ್ಪು.

2018ರ ವಿಧಾನಸಭಾ ಚುನಾವಣೆಯಲ್ಲಿ ಬಾದಾಮಿಯಲ್ಲಿ ಆದದ್ದನ್ನು ನಿಮ್ಮ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ಸಿದ್ದರಾಮಯ್ಯ, ಶ್ರೀರಾಮುಲು ಇಬ್ಬರೂ ಅಲ್ಲಿ ನಿಂತದ್ದೇ ತಡ, ಕ್ಯಾಮೆರಾಗಳು ಬಂದಿಳಿದವು. ಎಲ್ಲಿ ನೋಡಿದರೂ ಜಾತಿ ಲೆಕ್ಕಾಚಾರ, ಪ್ರತಿಷ್ಠೆಯ ಕಣ. ಅದೇ ಕ್ಷೇತ್ರದ ಗುಳೇದಗುಡ್ಡದಲ್ಲಿ ಖಣ ನೇಯುವವರಿಗೆ ನೂಲಿನ ದರ ಏನಾಯಿತು, ಕೂಲಿ ಎಷ್ಟು ಸಿಗುತ್ತಿದೆ ಎಂದು ಕೇಳಿದ ಚರ್ಚೆಗಳು ವಿರಳ. ಮೇ 12ರ ಸಂಜೆ ಮತಗಟ್ಟೆ ಸಮೀಕ್ಷೆಗಳು ರಾಜ್ಯದ ಬಗ್ಗೆ ಒಂದೊಂದು ಚಾನೆಲ್ಲಿನಲ್ಲಿ ಒಂದೊಂದು ಲೆಕ್ಕ ಹೇಳಿದವು. 15ರಂದು ಬಾದಾಮಿಯಲ್ಲಿ ಸಿದ್ದರಾಮಯ್ಯನವರು ಗೆದ್ದದ್ದು 1,696 ಮತಗಳಿಂದ. ಅಷ್ಟು ಸಮಸಮ ಇದ್ದ ಕಣದಲ್ಲಿ ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಕಡೆ ಮತ ಹಾಕಿರಲೇಬೇಕು. ಮರುದಿನ ಅವರು ಒಂದೇ ನಳದ ನೀರು ಹಿಡಿಯಬೇಕಿತ್ತು.

ನಮ್ಮ ಕಡೆಯ ಮತದಾರರಿಗೆ ಕಂಡದ್ದನ್ನು ನಂಬುವ ಗಟ್ಟಿತನವೂ ಇದೆ. 1991ರಲ್ಲಿ ದೇಶದ ಪತ್ರಿಕೆಗಳೆಲ್ಲ ಬಲ್ಲ ರಾಮಕೃಷ್ಣ ಹೆಗಡೆಯವರು ಬಾಗಲಕೋಟೆಯಿಂದ ಲೋಕಸಭೆಗೆ ನಿಂತರು. ಅವರನ್ನು ಸೋಲಿಸಿದವರು ಜಮಖಂಡಿಯ ಸಿದ್ದು ನ್ಯಾಮಗೌಡ. ಚಿಕ್ಕಪಡಸಲಗಿಯಲ್ಲಿ ರೈತರನ್ನು ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದವರು ಅವರು. ಆ ನೀರು ಹೊಲಕ್ಕೆ ಹರಿದದ್ದನ್ನು ರೈತರು ಯಾವ ಪತ್ರಿಕೆಯಲ್ಲೂ ಓದಿ ತಿಳಿಯಬೇಕಾಗಿರಲಿಲ್ಲ. ನಿಮ್ಮ ಮಕ್ಕಳೂ ಪಕ್ಷದ ಮಾತು ಆಡಲಿ, ಆದರೆ ಇಳಕಲ್ಲಿನ ರೇಷ್ಮೆ ದರ, ಊರಿನ ಆಸ್ಪತ್ರೆ, ತಮ್ಮ ಮಕ್ಕಳ ಶಾಲೆ, ಇಂಥ ತಾವೇ ಬಲ್ಲ ಸಂಗತಿ ಹಿಡಿದು ಆಡಲಿ. ಆಗ ಜಗಳವಾದರೂ ಅದರಲ್ಲಿ ಹುರುಳಿರುತ್ತದೆ.

ಈಗ ನೀವು ಮಾಡಬೇಕಾದದ್ದು. ಇಬ್ಬರನ್ನೂ ಎದುರುಬದುರು ಕೂರಿಸಿ ಪಂಚಾಯಿತಿ ಮಾಡಬೇಡಿ. ಮೊದಲು ದೊಡ್ಡವನಿಗೆ ಫೋನ್ ಮಾಡಿ. “ನಿನ್ನ ಪಕ್ಷ ನಿನಗಿರಲಿ, ಅದನ್ನ ಬಿಡು ಅನ್ನಾಂಗಿಲ್ಲ. ಒಡಹುಟ್ಟಿದಾಂವಗ ದೇಶದ್ರೋಹಿ ಅಂದ ಮಾತು ಮಾತ್ರ ವಾಪಸ್ ತಗೋ” ಎನ್ನಿ. ಆಮೇಲೆ ಸಣ್ಣವನಿಗೆ: “ಆ ಫೋಟೊ ಎಲ್ಲಿಂದ ಬಂತು ಹೇಳು. ಹೇಳಾಕ ಆಗದಿದ್ರ ಅಳಿಸಿ ಹಾಕು, ಗುಲಾಮ ಅಂದದ್ದಕ್ಕ ಅಣ್ಣಗ ತಪ್ಪಾತು ಅನ್ನು.” ಅಭಿಪ್ರಾಯಕ್ಕೆ ಕ್ಷಮೆ ಕೇಳಿಸಲು ಹೋದರೆ ಇಬ್ಬರೂ ಬಿಗಿಯುತ್ತಾರೆ. ಬೈಗುಳಕ್ಕೆ ಕ್ಷಮೆ ಕೇಳಿದರೆ ಯಾರ ಮಾನವೂ ಹೋಗುವುದಿಲ್ಲ.

ಮುಂದಿನ ಚುನಾವಣೆಗೂ ಒಂದು ಕಟ್ಟು ಹಾಕಿಕೊಳ್ಳಿ. ಮತದಾನ ಮುಗಿಯುವ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕೆಂದು ಕಾನೂನಿದೆ. ನಿಮ್ಮ ಮನೆಯಲ್ಲಿ ಊಟದ ಹೊತ್ತಿಗೂ ಆ ನಿಯಮ ಇರಲಿ, ಟಿವಿ ಬಂದ್, ಮೊಬೈಲ್ ದೂರ. ಸುಳ್ಳು ಪ್ರಚಾರದ ಹಾಳೆ ಸಿಕ್ಕರೆ ಅಣ್ಣನ ಮುಖಕ್ಕೆ ಹಿಡಿಯುವ ಬದಲು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ದೂರು ಕೊಡಲಿ. ಕಾಸಿಗಾಗಿ ಸುದ್ದಿ ಎಂಬ ಅನುಮಾನ ಬಂದರೆ ಅದನ್ನು ನೋಡಲು ಚುನಾವಣೆ ಹೊತ್ತಿನಲ್ಲಿ ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಕಣ್ಗಾವಲು ಸಮಿತಿ ಇರುತ್ತದೆ. ದೊಡ್ಡವನು ಇರುವುದೇ ನವನಗರದಲ್ಲಿ, ಜಿಲ್ಲಾಧಿಕಾರಿ ಕಚೇರಿ ಅಲ್ಲೇ ಇದೆ. ಇಬ್ಬರೂ ಕೂಡಿಯೇ ಹೋಗಿ ದೂರು ಕೊಟ್ಟರೆ ಇನ್ನೂ ಒಳ್ಳೆಯದು.

ಫೋನಿಗೆ ದೊಡ್ಡವನು ಜಗ್ಗದಿದ್ದರೆ ಬಸ್ ಹತ್ತಿ ನೀವೇ ಅವನ ಮನೆಗೆ ಹೋಗಿ. ತಾಯಿ ಬಾಗಿಲಿಗೆ ಬಂದು ಕೇಳಿದ ಮೇಲೂ ಒಂದು ಬೈಗುಳವನ್ನು ಹಿಂದಕ್ಕೆ ತೆಗೆದುಕೊಳ್ಳದಷ್ಟು ಕಲ್ಲು ಮನಸ್ಸು ಅವನದಿರಲಾರದು. ಏನಾಯಿತೆಂದು ಮತ್ತೆ ಬರೆಸಿ, ಕಾಯುತ್ತಿರುತ್ತೇನೆ.